ಮಗ್ಗದ ಕಂಬದ ಮೇಲೆ ಐದು ಗೆರೆ

“ಅವ್ವಾ, ನಿಂದ್ರು! ಇದು ಎಷ್ಟನೇ ಬಾಟಲಿ?”

ಶಿವಗಂಗಾ ಹಿತ್ತಲ ಬಾಗಿಲಿಗೆ ಅಡ್ಡ ನಿಂತು ಕೇಳಿದಳು. ಅವಳ ಕೈಯಲ್ಲಿ ಒಂದು ತುಂಡು ಚಾಕ್‌ಪೀಸ್ ಇತ್ತು.

“ಮೂರನೇದೋ ನಾಕನೇದೋ. ಮೊದಲ ದಾರಿ ಬಿಡು,” ಎಂದಳು ಅವ್ವ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ.

“ಮೂರೋ ನಾಕೋ ಸರಿಯಾಗಿ ಹೇಳು. ನಾ ಗೆರಿ ಎಳೀಬೇಕು.”

“ಗೆರಿ ಆಮ್ಯಾಲ ಎಳಿ, ಗಂಗೀ! ಈಗ ಬಿಡದಿದ್ರ ಇಲ್ಲೇ ಆಗ್ತೈತಿ ನೋಡು!”

ಗಂಗಾ ಪಕ್ಕಕ್ಕೆ ಜಿಗಿದಳು. ಅವ್ವ ಹಿತ್ತಲಿನ ಪಾಯಖಾನೆಗೆ ಓಡಿದಳು. ಮಧ್ಯಾಹ್ನದಿಂದ ಇದು ಆರನೇ ಓಟ.

ಗಂಗಾ ನಿಟ್ಟುಸಿರು ಬಿಟ್ಟು ಮಗ್ಗದ ಕಂಬದ ಮೇಲೆ ಮೂರನೇ ಗೆರೆ ಎಳೆದಳು. ನಾಲ್ಕು ಅಂತ ಬರೆದುಬಿಡಬಹುದಿತ್ತು. ಆದರೆ ಸುಳ್ಳು ಗೆರೆ ಎಳೆಯಬಾರದು ಎಂದು ಅಪ್ಪ ಹೇಳಿದ್ದ. ಒಂದು ಬಾಟಲಿ ನೀರು ಖಾಲಿಯಾದರೆ ಒಂದು ಗೆರೆ. ರಾತ್ರಿ ಮಲಗುವುದರೊಳಗೆ ಐದು ಗೆರೆಯಾದರೂ ಆಗಬೇಕು.

ತೆಲಂಗಾಣದ ನಾರಾಯಣಪೇಟೆಯ ಆ ಮನೆಯಲ್ಲಿ ಪಡಸಾಲೆಯ ಅರ್ಧ ಭಾಗ ಮಗ್ಗದ್ದೇ. ನೆಲದಲ್ಲಿ ಒಂದು ಗುಂಡಿ. ಅದರೊಳಗೆ ಕಾಲು ಇಳಿಬಿಟ್ಟು ಕೂತು ಅವ್ವ ಸೀರೆ ನೇಯುತ್ತಾಳೆ. ಮೊದಲು ಅವಳು ಕೂತರೆ ಊಟದ ಹೊತ್ತಿನವರೆಗೆ ಏಳುತ್ತಲೇ ಇರಲಿಲ್ಲ. ಈಗ ಅರ್ಧ ಗಂಟೆಗೊಮ್ಮೆ ಗುಂಡಿಯಿಂದ ಎದ್ದು ಬರಬೇಕು, ಹಿತ್ತಲಿಗೆ ಓಡಬೇಕು, ಬಂದು ನೀರು ಕುಡಿಯಬೇಕು, ಮತ್ತೆ ಗುಂಡಿಗೆ ಇಳಿಯಬೇಕು. ಲಾಳಿ ನಾಲ್ಕು ಸಲ ಆಚೆ ಈಚೆ ಹೋಗುವಷ್ಟರಲ್ಲಿ ಮತ್ತೆ ಎದ್ದು ಬರಬೇಕು.

ಇದೆಲ್ಲ ಆ ಗುಳಿಗೆಯ ಕೆಲಸ.

ಅವ್ವನ ಕಿಡ್ನಿಯೊಳಗೆ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳಿವೆ. ಅವು ವರ್ಷ ವರ್ಷ ದೊಡ್ಡದಾಗುತ್ತವೆ. ಅವ್ವನ ಅಪ್ಪನಿಗೂ ಹಾಗೇ ಇತ್ತು. ಮಲ್ದಕಲ್‌ನ ಆ ಮುತ್ಯಾನಿಗೆ ಗೊತ್ತಾಗುವ ಹೊತ್ತಿಗೆ ಕಿಡ್ನಿ ಎರಡೂ ಕೆಟ್ಟುಹೋಗಿದ್ದವು. ವಾರಕ್ಕೆ ಮೂರು ದಿನ ರಕ್ತ ಶುದ್ಧ ಮಾಡುವ ಮಷಿನ್ನಿಗೆ ಹಚ್ಚುತ್ತಿದ್ದರು. ಗಂಗಾ ಎರಡನೇ ತರಗತಿಯಲ್ಲಿದ್ದಾಗ ಮುತ್ಯಾ ತೀರಿಕೊಂಡ. ಅವನ ಇಬ್ಬರು ಹೆಣ್ಣುಮಕ್ಕಳಲ್ಲಿ ಚಿಕ್ಕಮ್ಮನಿಗೆ ಆ ರೋಗ ಬಂದಿಲ್ಲ. ಅವ್ವನಿಗೆ ಬಂದಿದೆ.

ಗುಳಿಗೆ ಗುಳ್ಳೆಗಳನ್ನು ಮಾಯ ಮಾಡುವುದಿಲ್ಲ. ಬೇಗ ಬೇಗ ಬೆಳೆಯದಂತೆ ತಡೆಯುತ್ತದೆ, ಅಷ್ಟೆ. ಆದರೆ ಅದನ್ನು ನುಂಗಿದವರಿಗೆ ಬಾಯಾರಿಕೆಯೋ ಬಾಯಾರಿಕೆ. ಕುಡಿಯಬೇಕು, ಓಡಬೇಕು, ಮತ್ತೆ ಕುಡಿಯಬೇಕು. ಬೆಳಿಗ್ಗೆ ಎದ್ದ ಕೂಡಲೇ ಒಂದು ಗುಳಿಗೆ, ಎಂಟು ತಾಸಿನ ಮೇಲೆ ಇನ್ನೊಂದು.

“ಬಾಯಾರಿಕೆ ಆದ್ರೆ ತಡೀಬೇಡ,” ಎಂದು ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು. “ನೀರು ಕುಡಿಯೋಕೆ ಆಗಲ್ಲ ಅನ್ನೋ ದಿನ ಗುಳಿಗೆ ನುಂಗಬೇಡ. ಮೊದಲು ನನಗೆ ಫೋನ್ ಮಾಡು.”

ಅದಕ್ಕೇ ಅಪ್ಪ ಗಂಗಾಳ ಕೈಗೆ ಚಾಕ್‌ಪೀಸ್ ಕೊಟ್ಟಿದ್ದು. ಕೊಡುವಾಗ ಗಂಗಾಳಿಗೆ ಖುಷಿಯಾಗಿತ್ತು. ಈಗ ಎರಡು ತಿಂಗಳಾಯಿತು, ಹೈರಾಣಾಗಿ ಹೋಗಿದ್ದಾಳೆ. “ಅವ್ವಾ ಕುಡಿ, ಅವ್ವಾ ಕುಡದೇನು, ಅವ್ವಾ ಬಾಟಲಿ ತೋರ್ಸು” ಎಂದು ಹೇಳಿ ಹೇಳಿ ಅವಳದೇ ಬಾಯಿ ಒಣಗುತ್ತದೆ. ಹತ್ತು ವರ್ಷದ ಹುಡುಗಿ ಒಬ್ಬ ದೊಡ್ಡ ಹೆಂಗಸನ್ನು ಎಷ್ಟು ಅಂತ ಕಾಯಬೇಕು ಹೇಳಿ!

“ಏನು ನೀರು, ಏನು ಓಡಾಟ!” ಎಂದಳು ಮೂಲೆಯಲ್ಲಿ ಕೂತಿದ್ದ ಆಯಿ. ಆಯಿ ಎಂದರೆ ಅಪ್ಪನ ತಾಯಿ, ಚನ್ನವೀರಮ್ಮ. ಅವಳು ಗಂಗಾಳ ಶಾಲೆಯ ಚೀಲದಿಂದ ಹಸಿರು ಬಾಟಲಿ ತೆಗೆದು ಅಲ್ಲಾಡಿಸಿ ನೋಡಿದಳು. “ಹೂಂ, ಖಾಲಿ ಐತಿ. ನಮ್ಮ ಹುಡುಗಿ ಶಾಣ್ಯಾಕಿ. ಶಾಲ್ಯಾಗ ಎಲ್ಲಾ ನೀರು ಕುಡದು ಬರ್ತಾಳ.”

ಗಂಗಾ ಬಾಟಲಿ ಇಸಿದುಕೊಂಡು ಚೀಲಕ್ಕೆ ಹಾಕಿದಳು. ಆ ನೀರು ಎಲ್ಲಿ ಹೋಯಿತೆಂದು ಅವಳಿಗೆ ಗೊತ್ತು, ಶಾಲೆಯ ಗೇಟಿನ ಬಳಿಯ ಬೇವಿನ ಸಸಿಗೆ ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ.

ಅವ್ವ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ನಾಳೆ ಎರಡನೇ ಶನಿವಾರ. ಡಾಕ್ಟರಮ್ಮ ಹೈದರಾಬಾದಿನಿಂದ ಗದ್ವಾಲಿಗೆ ಬರುವ ದಿನ. ಪ್ರತಿ ತಿಂಗಳೂ ಹೋಗಿ ರಕ್ತ ತೋರಿಸಬೇಕು. ಗುಳಿಗೆಯಿಂದ ಲಿವರಿಗೆ ಏನೂ ತೊಂದರೆಯಾಗಿಲ್ಲ ಎಂದು ರಕ್ತ ಹೇಳಿದರೆ ಮಾತ್ರ ಮುಂದಿನ ತಿಂಗಳ ಗುಳಿಗೆ. ಯಾವಾಗಲೂ ಅಪ್ಪ ಜೊತೆಗೆ ಹೋಗುತ್ತಿದ್ದ. ಈ ಸಲ ಅವನು ಸೀರೆ ತೆಗೆದುಕೊಂಡು ರಾಯಚೂರಿಗೆ ಹೋಗಿದ್ದ. ಗಂಗಾಳಿಗೆ ರಜೆ. “ಅವ್ವನ ಸಂಗಾಟ ನೀನೇ ಹೋಗು. ನೀರಿನ ಜವಾಬ್ದಾರಿ ನಿಂದು” ಎಂದು ಫೋನಿನಲ್ಲಿ ಹೇಳಿದ್ದ.

“ಶೈಲಾ, ನಾಳೆ ಊರಿಗೆ ಹೊಂಟೀರಿ,” ಎಂದಳು ಆಯಿ, ಅವ್ವನ ಕಡೆ ತಿರುಗಿ. “ಈಗಿಂದನ ನೀರು ಕಡಿಮಿ ಮಾಡು. ನಾವೆಲ್ಲ ಬಸ್ ಹತ್ತೋ ದಿನ ಹನಿ ನೀರು ಮುಟ್ಟತಿದ್ದಿಲ್ಲ. ಹೆಣ್ಮಕ್ಕಳು ದಾರ್‍ಯಾಗ ಎಲ್ಲಿ ಅಂತ ಹೋಗಬೇಕು?”

“ಆಯೀ! ಡಾಕ್ಟರಮ್ಮ ಏನಂದಾರ ಗೊತ್ತೈತಿಲ್ಲೋ?” ಗಂಗಾ ಸಿಡುಕಿದಳು.

“ಡಾಕ್ಟರಮ್ಮ ಕಾರಿನ್ಯಾಗ ಬರ್ತಾಳ. ಬಸ್ಸಿನ್ಯಾಗ ಬರಂಗಿಲ್ಲ.”

ಗಂಗಾ ಅವ್ವನ ಕಡೆ ನೋಡಿದಳು. ಅವ್ವ ಜಗಳಕ್ಕೆ ಬರಲಿಲ್ಲ. ಸುಮ್ಮನೆ ಗುಂಡಿಗೆ ಇಳಿದು ಲಾಳಿ ಹಿಡಿದಳು. ಆಗಲೇ ಗಂಗಾಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಬೆಳಿಗ್ಗೆ ಗಂಗಾ ಎದ್ದಾಗ ಅವ್ವನ ಸ್ನಾನ, ಪೂಜೆ ಎಲ್ಲ ಮುಗಿದಿತ್ತು.

“ಗುಳಿಗಿ?”

“ನುಂಗೀನಿ.”

“ನೀರು?”

“ಕಂಬ ನೋಡು.”

ಗಂಗಾ ಕಂಬ ನೋಡಿದಳು. ನಿನ್ನೆಯ ಗೆರೆಗಳನ್ನು ಒರೆಸಿ ಹೊಸದಾಗಿ ಎರಡು ಗೆರೆ ಎಳೆದಿತ್ತು. ಇಷ್ಟು ಬೆಳಿಗ್ಗೆಯೇ ಎರಡು ಬಾಟಲಿ! ಅವ್ವ ತಾನಾಗಿಯೇ ಕುಡಿದು ತಾನಾಗಿಯೇ ಗೆರೆ ಎಳೆದಿದ್ದಾಳೆ ಎಂದು ಗಂಗಾಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಅವಳು ಹಾಡು ಗುನುಗುತ್ತ ಜಡೆ ಹಾಕಿಸಿಕೊಂಡಳು.

ಮಖ್ತಲ್ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಗಂಗಾ ನಿದ್ದೆ ಹೋದಳು. ಮಖ್ತಲ್‌ನಲ್ಲಿ ಇಳಿಯುತ್ತಿದ್ದಂತೆ ಗದ್ವಾಲಿನ ಬಸ್ಸು ಹೊರಡಲು ತಯಾರಾಗಿ ನಿಂತಿತ್ತು. ಇದು ತಪ್ಪಿದರೆ ಇನ್ನೊಂದು ಯಾವಾಗಲೋ. ಇಬ್ಬರೂ ಓಡಿ ಹತ್ತಿದರು.

ಹತ್ತಿದರೆ ಕಾಲಿಡಲು ಜಾಗವಿಲ್ಲ! ಹೆಂಗಸರಿಗೆ ಬಸ್ಸು ಫ್ರೀ ಆದಾಗಿನಿಂದ ಬಸ್ಸಿನ ತುಂಬ ಹೆಂಗಸರೇ. ಕಂಡಕ್ಟರ್ ಕೂಡ ಹೆಂಗಸೇ. ಹೆಸರು ಜಮ್ಮುಲಮ್ಮ. ಕೊರಳಿಗೆ ಟಿಕೆಟ್ ಮಷಿನ್ ನೇತುಹಾಕಿಕೊಂಡು ಜನರ ನಡುವೆ ನುಸುಳುತ್ತ, “ಜರುಗಂಡಮ್ಮಾ, ಜರುಗಂಡಿ! ಮುಂದ ಸರೀರಿ! ಆಧಾರ್ ತೋರ್ಸಿ ಜೀರೋ ಟಿಕೆಟ್ ತಗೋರಿ!” ಎಂದು ತೆಲುಗು, ಕನ್ನಡ ಎರಡರಲ್ಲೂ ಕೂಗುತ್ತಿದ್ದಳು. ಅವಳ ದನಿ ಆಗಲೇ ಒಡೆದುಹೋಗಿತ್ತು.

ಆತ್ಮಕೂರು ದಾಟಿದ ಮೇಲೆ ಅವ್ವನಿಗೆ ಸೀಟು ಸಿಕ್ಕಿತು. ಗಂಗಾ ಅವಳಿಗೆ ಆತು ನಿಂತಳು.

“ಅವ್ವಾ, ನೀರು ಕುಡಿ.”

ಅವ್ವ ಬಾಟಲಿ ಬಾಯಿಗೆ ಎತ್ತಿ, ಇಳಿಸಿ, ಮುಚ್ಚಳ ಹಾಕಿದಳು. ಅವಳ ತುಟಿ ಬಿಳಿಚಿ ಸಿಪ್ಪೆ ಎದ್ದಿತ್ತು. ಹಣೆಯನ್ನು ಮುಂದಿನ ಸೀಟಿನ ಕಂಬಿಗೆ ಒತ್ತಿಕೊಂಡಿದ್ದಳು. ಕಾಲುಗಳನ್ನು ಬಿಗಿಯಾಗಿ ಒಂದರ ಮೇಲೊಂದು ಹಾಕಿಕೊಂಡಿದ್ದಳು.

“ತಲಿ ನೋಯ್ತೈತೇನು?”

“ಜರ ತಲಿ ತಿರುಗಿದಂಗ ಆಗ್ಲಿಕತ್ತೈತಿ. ಬಸ್ಸಿಂದು. ಸುಮ್ಮನಿರು.”

ಗಂಗಾ ಬಾಟಲಿ ತೆಗೆದುಕೊಂಡಳು. ಎತ್ತಿದಾಗಲೇ ಗೊತ್ತಾಯಿತು. ನೀರು ಕತ್ತಿನವರೆಗೂ ಇತ್ತು. ಒಂದು ಗುಟುಕೂ ಕಡಿಮೆಯಾಗಿರಲಿಲ್ಲ. ಚೀಲದಲ್ಲಿದ್ದ ಎರಡನೇ ಬಾಟಲಿಯೂ ಹಾಗೇ ಇತ್ತು.

“ಅವ್ವಾ! ನೀ ಕುಡದೇ ಇಲ್ಲ!”

“ಶ್! ಮೆಲ್ಲಕ.”

“ಮುಂಜಾನಿ ಎರಡು ಬಾಟಲಿ ಕುಡದೆ ಅಂದಿ?”

ಅವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು.

“ಅವ್ವಾ, ಆ ಗೆರಿ?”

“ಸುಮ್ಮನ ಎಳದೆ. ರಾತ್ರಿಯಿಂದ ಕುಡದಿಲ್ಲ. ಈಗ ಬಾಯಿ ಮುಚ್ಕೋ, ಮಂದಿ ನೋಡ್ಲಿಕತ್ತಾರ.”

ಗಂಗಾಳಿಗೆ ಸಿಟ್ಟು ನೆತ್ತಿಗೇರಿತು. ಗುಳಿಗೆ ನುಂಗಿದ್ದಾಳೆ. ನೀರು ಕುಡಿದಿಲ್ಲ. ಹೀಗೆ ಮಾಡಬಾರದು ಎಂದು ಡಾಕ್ಟರಮ್ಮ ಎಷ್ಟು ಸಲ ಹೇಳಿದ್ದಾರೆ! ಮುತ್ಯಾನ ಒಣಗಿದ ಮುಖ ನೆನಪಾಯಿತು, ಮಷಿನ್ನು ನೆನಪಾಯಿತು. ಸಿಟ್ಟಿನ ಕೆಳಗೆ ಹೆದರಿಕೆ ಇತ್ತು. ಹೆದರಿಕೆಯೇ ಹೆಚ್ಚಿತ್ತು.

“ಕುಡಿ ಈಗ!”

“ಕುಡದ್ರ ಇಲ್ಲೇ ಆಗಿಬಿಡ್ತೈತಿ ಗಂಗೀ,” ಅವ್ವ ಅಳುವ ದನಿಯಲ್ಲಿ ಪಿಸುಗುಟ್ಟಿದಳು. “ಕುಡೀಲಿಲ್ಲ ಅಂದ್ರ ಬರಂಗಿಲ್ಲ ಅಂದ್ಕೊಂಡಿದ್ದೆ. ಆದ್ರೂ ಬಂದೈತಿ. ಮಖ್ತಲ್‌ನಿಂದ ತಡಕೊಂಡು ಕುಂತೀನಿ.”

ಗಂಗಾ ಒಂದು ಕ್ಷಣ ಅವ್ವನ ಮುಖ ನೋಡಿದಳು. ಆಮೇಲೆ ಬಸ್ಸೆಲ್ಲ ಕೇಳುವ ಹಾಗೆ ಕೂಗಿದಳು.

“ಕಂಡಕ್ಟರ್ ಮೇಡಂ! ಬಸ್ ನಿಲ್ಲಿಸ್ರೀ! ನಮ್ಮವ್ವಗ ಹೋಗಬೇಕಾಗೈತಿ!”

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹಿಂದಿನಿಂದ ಯಾರೋ ಗಂಡಸು ಕಿಸಕ್ಕನೆ ನಕ್ಕ.

“ನಗಬ್ಯಾಡ್ರಿ!” ಗಂಗಾ ತಿರುಗಿ ನಿಂತು ಹೇಳಿದಳು. “ನಮ್ಮವ್ವಗ ಕಿಡ್ನಿ ರೋಗ ಐತಿ. ಗುಳಿಗಿ ನುಂಗ್ಯಾಳ. ನೀರು ಕುಡೀಲೇಬೇಕು, ಹೋಗಲೇಬೇಕು. ಅದರಾಗ ನಗೋದು ಏನೈತ್ರಿ?”

ನಗು ನಿಂತಿತು. ಜಮ್ಮುಲಮ್ಮ ಜನರನ್ನು ಸರಿಸುತ್ತ ಬಂದಳು. ಅವ್ವನ ಮುಖ ನೋಡಿದಳು. ಸೀಟಿಯನ್ನು ಬಾಯಿಗಿಟ್ಟು ಬಲವಾಗಿ ಊದಿದಳು.

“ಅನ್ನಾ, ಆಪು!”

“ಇಲ್ಲಿ ಸ್ಟಾಪ್ ಇಲ್ಲ!” ಎಂದ ಡ್ರೈವರ್.

“ಸ್ಟಾಪ್ ಇಲ್ಲ ಅಂದ್ರ ಮಾಡು. ಆ ಹಳದಿ ಮನಿ ಮುಂದ ಆಪು!”

ರಸ್ತೆ ಬದಿಯಲ್ಲಿ ಒಂದು ಹಳದಿ ಮನೆ. ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಹರವಿತ್ತು. ಒಂದು ಬದಿಗೆ ಸಣ್ಣದೊಂದು ಪಾಯಖಾನೆ. ಮೆಣಸಿನಕಾಯಿ ಆರಿಸುತ್ತ ಕೂತಿದ್ದ ಮುದುಕಿ, ಮನೆ ಮುಂದೆ ಬಸ್ಸು ಬಂದು ನಿಂತದ್ದನ್ನು ನೋಡಿ ಎದ್ದೇ ಬಿಟ್ಟಳು. ಅವಳ ಹೆಸರು ಎಂಕಮ್ಮ ಅಂತ ಆಮೇಲೆ ಗೊತ್ತಾಯಿತು.

“ಅಜ್ಜೀ, ನಮ್ಮವ್ವ ಒಮ್ಮೆ ಒಳಗ ಹೋಗಿ ಬರ್ಲೇನ್ರಿ?” ಗಂಗಾ ಕೈಮುಗಿದು ಕೇಳಿದಳು.

“ಅಯ್ಯ, ಹೋಗವ್ವ ಹೋಗು! ಕೇಳೋದೇನೈತಿ ಅದರಾಗ!”

ಅವ್ವ ಒಳಗೆ ಹೋದಳು. ಗಂಗಾ ಬಾಗಿಲ ಹೊರಗೆ ಬಾಟಲಿ ಹಿಡಿದುಕೊಂಡು ಕಾದಳು. ಬೆನ್ನ ಹಿಂದೆ ಬಳೆಗಳ ಸದ್ದಾಯಿತು.

ತಿರುಗಿ ನೋಡಿದರೆ ನೀಲಿ ಸೀರೆಯ ಹೆಂಗಸೊಬ್ಬಳು ನಿಂತಿದ್ದಳು. “ಹೆಂಗೂ ಬಸ್ ನಿಂತೈತಿ. ನಂದೂ ಒಂದು...” ಎಂದು ನಾಚಿ ನಕ್ಕಳು. ಅವಳ ಹಿಂದೆ ಒಬ್ಬ ಕಾಲೇಜು ಹುಡುಗಿ, ಅವಳ ಹಿಂದೆ ಕೂಸನ್ನು ಎತ್ತಿಕೊಂಡವಳು, ಆಮೇಲೆ ಇಬ್ಬರು ಮುದುಕಿಯರು. ಬಸ್ಸಿನ ಬಾಗಿಲಿನಿಂದ ಇನ್ನೂ ಇಳಿಯುತ್ತಲೇ ಇದ್ದರು. ಗಂಗಾ ಎಣಿಸಿದಳು. ಹದಿನಾಲ್ಕು ಮಂದಿ!

“ಇವರೆಲ್ಲಾ ತಡಕೊಂಡೇ ಕುಂತಿದ್ರೇನು?” ಎಂದು ಅವಳು ಬಾಯಿ ಬಿಟ್ಟು ನೋಡಿದಳು.

“ಅಯ್ಯೋ ಸಿವನೇ, ನನ್ನ ಮನಿ ಬಸ್‌ಸ್ಟ್ಯಾಂಡ್ ಆತಲ್ಲಪ್ಪ!” ಎಂಕಮ್ಮ ಹಣೆ ಬಡಿದುಕೊಂಡಳು. “ಯವ್ವಾ, ಮೆಣಸಿನಕಾಯಿ ತುಳೀಬ್ಯಾಡ್ರಿ! ಡ್ರಮ್ಮಿನ್ಯಾಗ ನೀರು ಸಾಲಂಗಿಲ್ಲ, ಯಾರಾದ್ರೂ ಬೋರಿಂಗ್ ಹೊಡೀರಿ!”

ಕಾಲೇಜು ಹುಡುಗಿ ಹಿಡಿಕೆ ಒತ್ತಿ ಒತ್ತಿ ಬೋರಿಂಗ್ ಹೊಡೆದಳು. ನೀಲಿ ಸೀರೆಯವಳು ಕೊಡ ಹೊತ್ತಳು. ಬಸ್ಸಿನಲ್ಲಿ ಉಳಿದ ಗಂಡಸರು ಕಿಟಕಿಯಿಂದ ಗೊಣಗಿದರು. ಡ್ರೈವರ್ ಪೊಂ ಪೊಂ ಎಂದು ಹಾರ್ನ್ ಹೊಡೆದ. “ಹೊಡ್ಕೋ!” ಎಂದು ಜಮ್ಮುಲಮ್ಮ ಕೂಗಿದಳು.

ಅವ್ವ ಹೊರಗೆ ಬಂದಳು. ಗಂಗಾ ಬಾಟಲಿ ಚಾಚಿದಳು. ಅವ್ವ ಮೆಣಸಿನಕಾಯಿ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕುಡಿದಳು. ನಿಲ್ಲಿಸಿ ಉಸಿರು ತೆಗೆದುಕೊಂಡು ಮತ್ತೆ ಕುಡಿದಳು. ಗಂಟಲು ಮೇಲೆ ಕೆಳಗೆ ಆಡುವುದನ್ನು ಗಂಗಾ ಕಣ್ಣು ಕೀಳದೆ ನೋಡಿದಳು. ಈ ಸಲ ಸುಳ್ಳಿರಲಿಲ್ಲ.

ಎಲ್ಲರದ್ದೂ ಮುಗಿಯಿತು ಎನ್ನುವಾಗ ಜಮ್ಮುಲಮ್ಮ ಹತ್ತಿರ ಬಂದಳು. ಕೊರಳಿನಿಂದ ಟಿಕೆಟ್ ಮಷಿನ್ ತೆಗೆದಳು.

“ಇದನ್ನ ಹಿಡ್ಕೋ ಪಾಪಾ. ಗುಂಡಿ ಒತ್ತಬ್ಯಾಡ ಮತ್ತ.”

“ನೀವೂ?”

“ನಾನು ಮನುಷ್ಯಳಲ್ಲೇನು? ಐದು ಗಂಟೆಗೆ ಡ್ಯೂಟಿ ಹತ್ತೀನಿ,” ಎಂದು ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಜುರಾಲಾ ಡ್ಯಾಮಿನ ಮೇಲೆ ಬಸ್ಸು ಹೋಗುವಾಗ ಎರಡೂ ಕಡೆ ಕೃಷ್ಣಾ ನದಿಯ ನೀರು ಹೊಳೆಯುತ್ತಿತ್ತು. ಹಿಂದೆ ನಕ್ಕಿದ್ದ ಗಂಡಸು ಎದ್ದು ಗಂಗಾಳಿಗೆ ಸೀಟು ಬಿಟ್ಟುಕೊಟ್ಟ. ಗಂಗಾ ಥ್ಯಾಂಕ್ಸ್ ಹೇಳಲಿಲ್ಲ. ಸಿಟ್ಟು ಇನ್ನೂ ಇತ್ತು.

ಗದ್ವಾಲಿನ ದವಾಖಾನೆಯಲ್ಲಿ ಮೊದಲು ರಕ್ತ ತೆಗೆದರು. ರಿಪೋರ್ಟ್ ಬರುವವರೆಗೆ ಇಬ್ಬರೂ ಬೆಂಚಿನ ಮೇಲೆ ಕೂತರು. ಗಂಗಾ ಅವ್ವನ ಜೊತೆ ಮಾತು ಬಿಟ್ಟಿದ್ದಳು. ಆಗಾಗ ಬಾಟಲಿ ಮಾತ್ರ ಮುಂದೆ ಚಾಚುತ್ತಿದ್ದಳು.

“ಗಂಗೀ, ಸಿಟ್ಟೇನು?”

“ಸುಳ್ಳು ಗೆರಿ ಎಳದಿ.”

ಅವ್ವ ಬಾಟಲಿಯ ಮುಚ್ಚಳ ತಿರುಗಿಸಿದಳು.

“ಹೋದ ತಿಂಗಳು ನಿಮ್ಮಪ್ಪನ ಸಂಗಾಟ ಬಂದಾಗ ಮೂರು ಸಲ ಬಸ್ ನಿಲ್ಲಿಸಿದ್ವಿ. ಮೂರನೇ ಸಲ ನಾ ಹತ್ತೂಮುಂದ ಒಬ್ಬಾಂವ ‘ಈಕಿ ಸಲುವಾಗಿ ಬಸ್ಸಿಗೇ ಒಂದು ಪಾಯಖಾನಿ ಕಟ್ಟಿಸ್ರಪ್ಪ’ ಅಂದ. ಬಸ್ಸೆಲ್ಲಾ ನಕ್ಕಿತು. ನಿಮ್ಮಪ್ಪ ತಲಿ ಕೆಳಗ ಹಾಕಿಬಿಟ್ಟ. ಊರು ಬರೋತನಕ ಮಾತಾಡಲಿಲ್ಲ. ಈ ಸಲ ನೀ ಬರ್ತಿದ್ದಿ. ನಿನ್ನ ಮುಂದನೂ ಹಂಗ ಆಗೋದು ಬ್ಯಾಡ ಅನಿಸ್ತು.”

ಗಂಗಾಳ ಸಿಟ್ಟು ಅವ್ವನಿಂದ ಎದ್ದು ಆ ಮನುಷ್ಯನ ಮೇಲೆ ಹೋಯಿತು. ಅವನು ಯಾರೋ ಏನೋ, ಈಗ ಕೈಗೆ ಸಿಗುವುದಿಲ್ಲ. ಅದೂ ಒಂದು ತಲೆಬಿಸಿ.

ಡಾಕ್ಟರಮ್ಮ ರಿಪೋರ್ಟ್ ನೋಡಿ ಕನ್ನಡಕ ತೆಗೆದರು.

“ಶೈಲಜಾ, ಲಿವರ್ ಚೆನ್ನಾಗಿದೆ. ಆದರೆ ರಕ್ತದಲ್ಲಿ ಉಪ್ಪಿನಂಶ ಏರಿದೆ. ನೀರು ಕುಡಿದಿಲ್ಲ ಅಲ್ಲವಾ?”

ಅವ್ವ ತಲೆ ತಗ್ಗಿಸಿ ಬಸ್ಸಿನಲ್ಲಿ ನಡೆದದ್ದನ್ನೆಲ್ಲ ಹೇಳಿದಳು.

“ನೀನು ಕುಡಿದರೂ ಕುಡಿಯದಿದ್ದರೂ ಗುಳಿಗೆ ತನ್ನ ಕೆಲಸ ನಿಲ್ಲಿಸೋದಿಲ್ಲ. ಹೊಟ್ಟೆಗೆ ನೀರು ಬರಲಿಲ್ಲ ಅಂದರೆ ಮೈಯೊಳಗಿನ ನೀರನ್ನೇ ಹೊರಗೆ ಹಾಕುತ್ತೆ. ಇನ್ನೂ ತಡವಾಗಿದ್ದರೆ ನೀನು ಬಸ್ಸಿನಲ್ಲೇ ಬಿದ್ದಿರುತ್ತಿದ್ದೆ. ಎಷ್ಟು ಸಲ ಹೇಳಬೇಕಮ್ಮ ನಿಮಗೆ? ಪ್ರತಿ ತಿಂಗಳೂ ಯಾರಾದರೂ ಒಬ್ಬರು ಹೀಗೇ ಬರ್ತೀರಿ!” ಅವರಿಗೂ ಸಾಕಾಗಿಹೋಗಿತ್ತು. “ಇವತ್ತಿನ ಎರಡನೇ ಗುಳಿಗೆ ಬೇಡ. ಇಲ್ಲೇ ಕೂತು ನೀರು ಕುಡಿ, ಸಂಜೆ ಇನ್ನೊಮ್ಮೆ ರಕ್ತ ನೋಡ್ತೀನಿ. ಸರಿಯಾಗಿದ್ದರೆ ನಾಳೆಯಿಂದ ಮತ್ತೆ ಶುರು. ಇನ್ನೊಮ್ಮೆ ಹೀಗಾದರೆ ನಾನೇ ಗುಳಿಗೆ ನಿಲ್ಲಿಸಿಬಿಡ್ತೀನಿ.”

“ನಿಲ್ಲಿಸಬ್ಯಾಡ್ರಿ,” ಎಂದಳು ಅವ್ವ. ಅವಳ ಕಣ್ಣು ತುಂಬಿತ್ತು. “ನಮ್ಮಪ್ಪಗ ಈ ಗುಳಿಗಿ ಸಿಗಲಿಲ್ರಿ.”

ಡಾಕ್ಟರಮ್ಮ ಗಂಗಾಳ ಕಡೆ ತಿರುಗಿದರು. “ನೀನೇನಾ ಬಸ್ ನಿಲ್ಲಿಸಿದವಳು? ಎಷ್ಟನೇ ಕ್ಲಾಸು?”

“ಐದನೇದು ರೀ.” ಎರಡು ತಿಂಗಳಿಂದ ಕೇಳಬೇಕೆಂದಿದ್ದ ಪ್ರಶ್ನೆ ಬಾಯಿಗೆ ಬಂತು. “ಡಾಕ್ಟರ್, ನನಗೂ ಬರ್ತೈತೇನ್ರಿ ಈ ರೋಗ?”

ಅವ್ವ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಳು.

“ಬರಬಹುದು, ಬರದೇನೂ ಇರಬಹುದು,” ಎಂದರು ಡಾಕ್ಟರಮ್ಮ. ಸುಳ್ಳು ಹೇಳಲಿಲ್ಲ. “ಈಗ ಗೊತ್ತಿಲ್ಲ. ವರ್ಷಕ್ಕೊಮ್ಮೆ ಬಂದು ನಿನ್ನ ಬಿ.ಪಿ. ತೋರಿಸು. ದೊಡ್ಡವಳಾದ ಮೇಲೆ ಟೆಸ್ಟ್ ಬೇಕಾ ಅಂತ ನೀನೇ ಹೇಳು. ಅಲ್ಲಿಯವರೆಗೆ ಆಡು, ಓದು, ಉಪ್ಪಿನಕಾಯಿ ಕಡಿಮೆ ತಿನ್ನು, ನೀರು ಕುಡಿ. ಶಾಲೆಯಲ್ಲಿ ನೀರು ಕುಡೀತೀಯಾ?”

ಗಂಗಾಳಿಗೆ “ಹೂಂ” ಎನ್ನಲು ಬಾಯಿ ಬರಲಿಲ್ಲ.

ಸಂಜೆಯ ರಕ್ತ ಚೆನ್ನಾಗಿ ಬಂತು. ಗುಳಿಗೆಯ ಚೀಟಿಯನ್ನು ಅವ್ವ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ವಾಪಸು ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅವ್ವ ಹತ್ತುವಾಗಲೇ ಕಂಡಕ್ಟರನ ಹತ್ತಿರ ಹೋಗಿ, “ಅಣ್ಣಾ, ನನಗ ಕಿಡ್ನಿ ಗುಳಿಗಿ ಐತಿ, ದಾರ್‍ಯಾಗ ಬಸ್ ನಿಲ್ಲಿಸಬೇಕಾಗ್ತೈತಿ” ಎಂದು ಹೇಳಿಬಿಟ್ಟಿದ್ದಳು. ಹೇಳುವಾಗ ಅವಳ ಕಿವಿ ಕೆಂಪಾಗಿದ್ದನ್ನು ಗಂಗಾ ನೋಡಿದಳು.

“ಅವ್ವಾ,” ಎಂದಳು ಗಂಗಾ. “ನನ್ನ ಶಾಲಿ ಬಾಟಲಿ ಐತೆಲ್ಲ, ಹಸರಂದು...”

“ಗೊತ್ತೈತಿ.”

“ಏನು ಗೊತ್ತೈತಿ?”

“ನಿಮ್ಮ ಗೇಟಿನ ಬಲ್ಲಿ ಹಚ್ಚಿದ ಬೇವಿನ ಸಸಿಗಳೆಲ್ಲಾ ಒಣಗ್ಯಾವ. ಒಂದು ಮಾತ್ರ ಹಸರಾಗಿ ಎದ್ದೈತಿ. ಮೀಟಿಂಗಿಗೆ ಬಂದಾಗ ನೋಡೀನಿ.”

“ಮತ್ತ ಬೈಯಲಿಲ್ಲ?”

“ಯಾವ ಬಾಯಿಂದ ಬೈಲಿ?” ಎಂದು ಅವ್ವ ಬಾಟಲಿ ಎತ್ತಿ ನೀರು ಕುಡಿದಳು.

ಸೋಮವಾರ ಊಟದ ಬೆಲ್ ಹೊಡೆದಾಗ ಗಂಗಾ ಹಸಿರು ಬಾಟಲಿ ತೆಗೆದು ಗಟಗಟ ಕುಡಿಯತೊಡಗಿದಳು. ಪಕ್ಕದಲ್ಲಿ ಕೂತಿದ್ದ ಸ್ರವಂತಿ ಗಾಬರಿಯಾದಳು.

“ಏ ಗಂಗಾ, ಹುಚ್ಚಿಯೇನು? ಇನ್ನೂ ಮೂರು ಪೀರಿಯಡ್ ಅದಾವ!”

ಸ್ರವಂತಿ ಹೇಳಿದ್ದು ಸುಳ್ಳಲ್ಲ. ಹುಡುಗಿಯರ ಪಾಯಖಾನೆಗೆ ಬೀಗ. ಕೀಲಿ ಸ್ಟಾಫ್ ರೂಮಿನ ಗೋಡೆಗೆ, ಶ್ರೀನಾಥ ಸರ್ ಕುರ್ಚಿಯ ಹಿಂದೆ ತೂಗುತ್ತದೆ. ಬೇಕಾದರೆ ಹೋಗಿ ಕೇಳಬೇಕು. ಕೇಳಿದರೆ ಎಲ್ಲ ಸರ್‌ಗಳೂ ತಲೆ ಎತ್ತಿ ನೋಡುತ್ತಾರೆ. ಅದಕ್ಕೇ ಯಾವ ಹುಡುಗಿಯೂ ಕೇಳುವುದಿಲ್ಲ, ಯಾವ ಹುಡುಗಿಯೂ ಕುಡಿಯುವುದಿಲ್ಲ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಇಷ್ಟು ದಿನ ಗಂಗಾಳಿಗೆ ಇದು ಒಂದು ತೊಂದರೆ ಅಂತಲೇ ಅನಿಸಿರಲಿಲ್ಲ.

“ಕೀಲಿ ಯಾರು ಕೇಳ್ತಾರ?” ಎಂದಳು ಸ್ರವಂತಿ.

“ನಾ ಕೇಳ್ತೀನಿ.”

“ಸರ್‌ನ?”

“ಸರ್‌ನ.”

ಸ್ರವಂತಿ ಅವಳನ್ನೇ ನೋಡಿದಳು. ಆಮೇಲೆ ಮೆಲ್ಲಗೆ ತನ್ನ ಬಾಟಲಿಯ ಮುಚ್ಚಳ ತೆಗೆದಳು. ಹಿಂದಿನ ಬೆಂಚಿನಲ್ಲಿ ಇನ್ನೊಂದು ಮುಚ್ಚಳ ತೆಗೆದ ಸದ್ದಾಯಿತು.

ಲೆಕ್ಕದ ಪೀರಿಯಡ್ ಮುಗಿಯುವ ಹೊತ್ತಿಗೆ ಗಂಗಾಳಿಗೆ ಕೂರಲಾಗಲಿಲ್ಲ. ಎದ್ದು ಸ್ಟಾಫ್ ರೂಮಿನ ಬಾಗಿಲಿಗೆ ಹೋಗಿ ನಿಂತಳು. ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಅವ್ವ ಕಂಡಕ್ಟರನ ಮುಂದೆ ನಿಂತಾಗಲೂ ಹೀಗೇ ಹೊಡೆದುಕೊಂಡಿರಬೇಕು.

“ಸರ್, ಕೀಲಿ ಬೇಕ್ರಿ.”

“ಯಾವ ಕೀಲಿ?” ಶ್ರೀನಾಥ ಸರ್ ಪುಸ್ತಕದಿಂದ ತಲೆ ಎತ್ತಿದರು. ಉಳಿದ ಸರ್‌ಗಳೂ ಎತ್ತಿದರು.

“ಹುಡುಗ್ಯಾರ ಪಾಯಖಾನಿ ಕೀಲಿ ರೀ.”

ಸರ್ ಗಡಿಯಾರ ನೋಡಿದರು, ಗಂಗಾಳನ್ನು ನೋಡಿದರು, ಕೈ ಹಿಂದೆ ಚಾಚಿ ಗೋಡೆಯಿಂದ ಕೀಲಿ ತೆಗೆದರು.

“ಜಲ್ದಿ ಬರಬೇಕು. ಐದು ನಿಮಿಷದಾಗ ಕೀಲಿ ಇಲ್ಲಿರಬೇಕು ನೋಡು.”

ಗಂಗಾ ಕೀಲಿ ಇಸಿದುಕೊಂಡು ಒಮ್ಮೆ ಹಿಂದೆ ತಿರುಗಿ ಎಣಿಸಿ ನೋಡಿದಳು. ಆಮೇಲೆ ಸರ್ ಕಡೆ ತಿರುಗಿದಳು.

“ಐದು ನಿಮಿಷ ಸಾಲಂಗಿಲ್ರಿ ಸರ್. ಒಂಬತ್ತು ಮಂದಿ ಅದೀವ್ರಿ.”